ಕಾರಣದ ಕಾಲಂ

ಇಪ್ಪತ್ತೆರಡು ವರ್ಷದಿಂದ ಒಂದೇ ಪುಸ್ತಕ ಬರೆಯುತ್ತಿದ್ದೇನೆ.
ಗಂಡ ನಗುತ್ತಾನೆ: ಓದುವವರು ಯಾರೇ, ಝುಲ್ಮೀರಾ?
ಅಗಲ ರೂಲಿನ ರಿಜಿಸ್ಟರು, ಬೆನ್ನಿಗೆ ಹಸಿರು ಬಟ್ಟೆ.
ತಾರೀಖು. ಎಲ್ಲಿಂದ. ಎಲ್ಲಿಗೆ. ಇಳಿದ ಹೊತ್ತು. ತಲೆ ಎಷ್ಟು.
ಕೊನೆಗೆ, ಹೆಬ್ಬೆರಳಗಲ, ಕಾರಣ.

ನಮ್ಮ ತೆರ್ಸೇರಾಕ್ಕೆ ಬರಬೇಕೆಂದೇ ಬರುವವರು ಕಡಿಮೆ.
ಅಟ್ಲಾಂಟಿಕ್ಕಿನ ಅಂಗಿಯಿಂದ ಉದುರಿದ ಗುಂಡಿ ನಾವು.
ಹೃದಯ ಕೈಕೊಟ್ಟರೆ, ಎಂಜಿನ್ನು ಕೆಮ್ಮಿದರೆ
ಮೇಲಿನವರಿಗೆ ನಮ್ಮ ನೆನಪು.
ಮೊದಮೊದಲು ಹೃದಯಗಳೇ ಹೆಚ್ಚು. ಒಂದು ಹೆರಿಗೆ.
ಈಚೆಗೆ ಆ ಹೆಬ್ಬೆರಳಗಲದಲ್ಲಿ
ಮತ್ತೆ ಮತ್ತೆ ಒಂದೇ ಪದ ಬರೆಯುತ್ತೇನೆ:
ಪ್ರಯಾಣಿಕ.

ಮಾರ್ಚಿಯ ಒಂದು ಗುರುವಾರ, ರಾತ್ರಿ ಎರಡು ಹತ್ತು.
ಪುಂಟಾ ಕಾನಾದಿಂದ ಬ್ರಸೆಲ್ಸಿಗೆ. ಇನ್ನೂರ ಹದಿನಾಲ್ಕು.
ಮುಂದಿನವನು ಸೀಟು ಒರಗಿಸಿದ್ದಕ್ಕೆ ಶುರುವಂತೆ.
ಆಮೇಲೆ ಬಾಟಲಿ, ಆಮೇಲೆ ಬೈಗುಳ, ಆಮೇಲೆ
ಬಾಗಿಲ ಹಿಡಿ. ಅಷ್ಟು ಎತ್ತರದಲ್ಲಿ
ಅದು ತೆರೆಯುವುದಿಲ್ಲ;
ಗೊತ್ತಿದ್ದವರೂ ಕಿರುಚಿದರು.

ಪೊಲೀಸರು ಅವನನ್ನು ಇಳಿಸಿದರು, ಒಂದೇ ಶೂನಲ್ಲಿ.
ಮೆಟ್ಟಿಲ ಮೇಲೆ ಗಾಳಿ ಅಂಗಿ ಎತ್ತಿ
ಬಿಳಿ ಹೊಟ್ಟೆ ತೋರಿಸಿತು. ಯಾರೋ ಚಪ್ಪಾಳೆ ತಟ್ಟಿದರು.
ಗಗನಸಖಿಯ ತುಟಿ ಹರಿದಿತ್ತು. ನನ್ನ ಕಂಡವಳೇ
ಗುಡ್ ಈವನಿಂಗ್ ಎಂದು ನಕ್ಕಳು.
ಕೆಲಸದ ನಗು. ರಕ್ತ ಬಂದರೂ ನಿಲ್ಲಲಿಲ್ಲ.

ಪೈಲಟ್ಟರ ದುಡಿಮೆಯ ಗಂಟೆ ಮುಗಿದಿತ್ತು.
ಹೊಸಬರು ಲಿಸ್ಬನ್ನಿಂದ ಬಂದು ಹೊರಡಲು ಹನ್ನೊಂದಾಗುತ್ತದೆ.
ಊರಿನ ಹೋಟೆಲುಗಳಲ್ಲಿ ನಲವತ್ತು ಮಂಚ.
ಮುದುಕರಿಗೆ ಮೊದಲು, ಎಂದೆ.
ಒಮ್ಮೆಲೇ ಎಲ್ಲರಿಗೂ ವಯಸ್ಸಾಯಿತು.

ಕ್ಯಾಂಟೀನಿನ ಔರೋರಾಳನ್ನು ಎಬ್ಬಿಸಿದೆ. ಕೋಸಿನ ಸೂಪು, ನಿನ್ನೆಯ ಬ್ರೆಡ್ಡು.
ಆಂಟ್‌ವರ್ಪಿನಲ್ಲಿ ಟ್ರಾಮು ಓಡಿಸಿದ ಯೋಸ್
ಮಂಚ ಬೇಡವೆಂದು ಬಟ್ಟಲು ಹಿಡಿದು ಲೆಕ್ಕಕ್ಕೆ ಕೂತ:
ಒಂಬತ್ತು ಗಂಟೆ, ಇನ್ನೂರ ಹದಿಮೂರು ಜನ,
ಎಂಬತ್ತು ದಿನಕ್ಕೆ ಮೂರು ಗಂಟೆ ಕಡಿಮೆ, ಮೇಡಂ.
ಯಾರ ಹತ್ತಿರ ವಸೂಲಿ?
ನನ್ನ ಹತ್ತಿರ ಇದ್ದದ್ದು ಸೂಪು.
ಇನ್ನೊಂದು ಸೌಟು ಬಡಿಸಿದೆ.

ವೀರ್ಲೆ ಎಂಬುವಳು ಏನೂ ಕೇಳದೆ
ನೀಲಿ ಡಬ್ಬಿ ತೊಡೆ ಮೇಲಿಟ್ಟು ಕೂತಿದ್ದಳು.
ಕಡೆಗೆ ಬಂದು ಪಿಸುಗುಟ್ಟಿದಳು:
ಫ್ರಿಜ್ ಇದೆಯಾ? ಐಸು ಕರಗುತ್ತಿದೆ.
ಐದು ದಿನದ ಕೆಲಸ, ಹನ್ನೊಂದು ಚೀಲ ಎದೆಹಾಲು,
ಮನೆಯಲ್ಲಿ ನಾಲ್ಕು ತಿಂಗಳ ಕೂಸು.
ಪ್ರತಿ ಚೀಲದ ಮೇಲೆ ವಾರ, ಹೊತ್ತು,
ನನ್ನ ರಿಜಿಸ್ಟರಿನ ಹಾಗೇ, ನನಗಿಂತ ದುಂಡಗೆ.
ಔರೋರಾ ಮೀನಿನ ಟ್ರೇ ಹೊರಗಿಟ್ಟು ಜಾಗ ಮಾಡಿದಳು.
ಅಲ್ಲಿಂದಲೇ ಒಂದು ಹಿಡಿ ಐಸು, ಬಟ್ಟೆಗೆ ಸುತ್ತಿ,
ಆ ತುಟಿಗೆ.

ಹೋಟೆಲಿಗೆ ಹೋದವರನ್ನು ಕಳೆದು
ನೂರ ಎಪ್ಪತ್ತನಾಲ್ಕು ಕಂಬಳಿ ತೆಗೆದಿದ್ದೆ. ಒಂದು ಉಳಿಯಿತು.
ಮತ್ತೆ ಎಣಿಸಿದೆ. ಮತ್ತೆ ಉಳಿಯಿತು.
ಆಗ ಹೊಳೆಯಿತು ಯಾರದೆಂದು.

ನಾಲ್ಕೂವರೆಗೆ ಠಾಣೆಯಿಂದ ಎವರಿಸ್ತು ಫೋನು ಮಾಡಿದ:
ಅಳುತ್ತಿದ್ದಾನೆ, ಇನ್ನೊಂದು ಶೂ ಕೇಳುತ್ತಿದ್ದಾನೆ.
ಅತ್ತರೆ ಬರುತ್ತದಾ ಕೊಯ್ದ ಮೂಗು?
ಹೆಸರು ಹೇಳಲಾ, ಬರೆದುಕೊಳ್ಳುತ್ತೀಯಾ?
ಬೇಡ ಎಂದೆ. ಹೆಸರಿಗೆ ಕಾಲಂ ಇಲ್ಲ.

ಇಪ್ಪತ್ತೇಳನೇ ಸಾಲಿನ ಕೆಳಗೆ ಸಿಕ್ಕಿತು:
ಹಿಮ್ಮಡಿ ಸವೆದ ಕಂದು ಶೂ, ಒಳಗೆ ಒಂದು ಚಮಚ ಮರಳು.
ಯಾವುದೋ ಕಡಲ ದಂಡೆಯಲ್ಲಿ ಅವನೂ ಸುಮ್ಮನೆ ನಡೆದಿರಬೇಕು.
ಯೋಸ್ ನನ್ನನ್ನೇ ನೋಡುತ್ತಿದ್ದ.
ಕಂಬಳಿಯಲ್ಲಿ ಸುತ್ತಿ ಕಳಿಸಿದೆ, ಆದರೆ ಐದೂವರೆಗೆ.
ಒಂದು ಗಂಟೆ, ಬೇಕೆಂದೇ, ಕಾಯಿಸಿದೆ.
ಆ ಗಂಟೆಯನ್ನು ಯಾರ ಖಾತೆಗೂ ಬರೆದಿಲ್ಲ.

ಹನ್ನೊಂದು ಹತ್ತಕ್ಕೆ ಹೊರಟರು. ಯಾರೂ ಕೈ ಬೀಸಲಿಲ್ಲ,
ಬೀಸುವುದೂ ಇಲ್ಲ; ನಿದ್ದೆಗೆಟ್ಟವರ ಕೈ ಭಾರ.
ಸಂಜೆ ಔರೋರಾ ಕರೆದಳು. ಐಸಿನ ಗೋಡೆಗೆ ಅಂಟಿಕೊಂಡು
ಒಂದು ಚೀಲ: ಮಂಗಳವಾರ, ಬೆಳಿಗ್ಗೆ ಆರು.

ಚೆಲ್ಲಲು ಅವಳಿಗೂ ಮನಸ್ಸಿಲ್ಲ, ನನಗೂ.
ಮೀನು ಮತ್ತೆ ಒಳಗೆ ಬಂತು.
ಹಾಲು ಅಲ್ಲೇ ಇದೆ.